ದೂರು ಮೊದಲು, ಸ್ತೋತ್ರ ಆಮೇಲೆ: ನನ್ನ ಅನುಭವ

ರಾತ್ರಿ ಎಚ್ಚರವಾದಾಗ ನಾನು ಮೊದಲು ನನ್ನ ದೂರನ್ನೆಲ್ಲ ದೇವರಿಗೆ ಬಾಯಿಬಿಟ್ಟು ಹೇಳಿ, ಆಮೇಲೆ ಸ್ತೋತ್ರ ಮಾಡುತ್ತೇನೆ. ನಾಲ್ಕು ವರ್ಷದ ಹಿಂದೆ ಚರ್ಚ್ ಸಭೆಯ ಹಿರಿಯರೊಬ್ಬರು ನನಗೆ ಹೇಳಿದ್ದರು, "ದೇವರ ಮುಂದೆ ಹೀಗೆ ದೂರು ಹೇಳೋದು ಅವಿಶ್ವಾಸ, ಇದರಿಂದ ಏನೂ ಆಗಲ್ಲ" ಅಂತ. ಕಳೆದ ತಿಂಗಳು ಅವರೇ ಮನೆಗೆ ಬಂದರು. ಮಗನನ್ನು ಕಳೆದುಕೊಂಡಿದ್ದಾರೆ. ತುಂಬ ಹೊತ್ತು ಸುಮ್ನೆ ಕೂತಿದ್ದು, "ಬ್ರದರ್, ನೀವು ಅದನ್ನ ಹೇಗೆ ಮಾಡಿದಿರಿ, ನನಗೂ ಹೇಳಿಕೊಡಿ" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ತೀರಿಕೊಂಡು 5 ವರ್ಷ ಆಗುತ್ತಾ ಬಂತು. ಸುಮಾರು 14 ತಿಂಗಳು ಚಿಕಿತ್ಸೆ ನಡೆಯಿತು. ಅದು ಮುಗಿಯುವಷ್ಟರಲ್ಲಿ ಸಾಲ ನನ್ನ 30 ತಿಂಗಳ ಸಂಬಳದಷ್ಟಾಗಿತ್ತು, ಸ್ವಲ್ಪ ಜಾಸ್ತಿಯೇ ಇರಬಹುದು. ಕಷ್ಟದಲ್ಲೂ ಕರ್ತನನ್ನು ಸ್ತುತಿಸಬೇಕು ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ಬೈಬಲಿನಲ್ಲಿ ಅಪೊಸ್ತಲ ಪೌಲ, ಅವನ ಜೊತೆಗಾರ ಸೀಲ ನಡುರಾತ್ರಿ ಸೆರೆಮನೆಯಲ್ಲಿ ಹಾಡಿದ್ದನ್ನು ಕೇಳಿಕೊಂಡೇ ಬೆಳೆದವರು ನಾವು. ಆದರೆ ರಾತ್ರಿ 2 ಗಂಟೆಗೆ ಎಚ್ಚರವಾದಾಗ ನನ್ನ ಬಾಯಿಂದ ಒಂದು ಪದವೂ ಹೊರಡುತ್ತಿರಲಿಲ್ಲ.

ಮೊದಲು ಫೋನಿನಲ್ಲಿ ಹಾಡು ಹಾಕಿಟ್ಟು ಮಲಗಿದೆ. ಹಾಡುತ್ತಿದ್ದವರು ಬೇರೆಯವರು, ನಾನು ಕೇಳುತ್ತಿದ್ದೆ ಅಷ್ಟೇ. ಆಮೇಲೆ ದೇವರು ಮಾಡಿದ ಉಪಕಾರಗಳನ್ನು ದಿನಕ್ಕೆ 10ರಂತೆ ಬರೆಯಲು ಶುರುಮಾಡಿದೆ. ಎರಡು ವಾರಕ್ಕೆ ಬರೀ ಗಾಳಿ, ನೀರು, ಬೆಳಕು ಎಂದು ತುಂಬಿಸುವ ಸ್ಥಿತಿ ಬಂತು. ಸುಳ್ಳು ಬರೆಯುತ್ತಿದ್ದೇನೆ ಅನಿಸಿ ಬಿಟ್ಟುಬಿಟ್ಟೆ.

ಮೂರನೆಯದನ್ನು ಹೇಳಲು ಈಗಲೂ ನೋವಾಗುತ್ತದೆ. "ಮೊದಲು ದೊಡ್ಡದಾಗಿ ಕೊಡು, ಕರ್ತನು ನೂರರಷ್ಟು ಹಿಂದೆ ಕೊಡುತ್ತಾನೆ" ಎಂದು ಒಬ್ಬರು ಹೇಳಿದ್ದನ್ನು ನಂಬಿ, ಅರ್ಧ ತಿಂಗಳ ಸಂಬಳದಷ್ಟು ಕೈಸಾಲ ಮಾಡಿ ಕಾಣಿಕೆ ಹಾಕಿದೆ. ಏನೂ ಬರಲಿಲ್ಲ. ಆ ಕೈಸಾಲ ತೀರಿಸಲು 8 ತಿಂಗಳು ಬೇಕಾಯಿತು. ಕೊಡುವುದು ತಪ್ಪಲ್ಲ, ಈಗಲೂ ಕೊಡುತ್ತೇನೆ. ಆದರೆ ಅವತ್ತು ನಾನು ಕೊಟ್ಟದ್ದು ಕಾಣಿಕೆಯಲ್ಲ, ದೇವರ ಜೊತೆ ವ್ಯಾಪಾರ. ಸಾಲದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೀಗೆ ಮಾಡಬೇಡಿ.

ದಾರಿ ಸಿಕ್ಕಿದ್ದು ಬೈಬಲಿನ 13ನೆಯ ಕೀರ್ತನೆಯಲ್ಲಿ. ಅದರಲ್ಲಿ ಇರುವುದೇ 6 ವಚನ. ಮೊದಲ ಎರಡರಲ್ಲಿ ದಾವೀದ "ಎಲ್ಲಿಯವರೆಗೆ" ಎಂದು ನಾಲ್ಕು ಸಲ ಕೇಳುತ್ತಾನೆ, ಮುಂದಿನ ಎರಡರಲ್ಲಿ ಬೇಡುತ್ತಾನೆ, ಕೊನೆಯ ಎರಡರಲ್ಲಿ ಹಾಡುತ್ತಾನೆ. ಎಷ್ಟು ವರ್ಷದಿಂದ ಓದಿದ್ದೆ, ಆದರೆ ಆ ಕ್ರಮ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಯಾವಾಗಲೂ ದೂರನ್ನು ನುಂಗಿಕೊಂಡು ನೇರವಾಗಿ ಸ್ತೋತ್ರಕ್ಕೆ ಹಾರುತ್ತಿದ್ದೆ, ಅದಕ್ಕೇ ಗಂಟಲು ಕಟ್ಟುತ್ತಿತ್ತು.

ಅವತ್ತಿನಿಂದ ಎಚ್ಚರವಾದರೆ ಎದ್ದು ಕೂರುತ್ತಿದ್ದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಹೇಳುತ್ತಿದ್ದೆ. ಯಾಕೆ ಅವಳನ್ನು ಕರೆದುಕೊಂಡೆ, ಈ ಕಂತು ಹೇಗೆ ಕಟ್ಟಲಿ, ಮಗಳಿಗೆ ಏನು ಹೇಳಲಿ, ಎಲ್ಲ. ಮೊದಮೊದಲು ದೂರಿಗೇ ಮುಕ್ಕಾಲು ಗಂಟೆ ಹೋಗುತ್ತಿತ್ತು, ಸ್ತೋತ್ರಕ್ಕೆ ಒಂದು ನಿಮಿಷವೂ ಇಲ್ಲ. ಸುಮಾರು 40 ದಿನ ಕಳೆದ ಮೇಲೆ ಅದು ತಿರುಗಿತು. ಹೇಗೆ ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ದೂರು ತಾನಾಗಿಯೇ ಚಿಕ್ಕದಾಯಿತು. ದೂರಿನಿಂದ ಸ್ತೋತ್ರಕ್ಕೆ ದಾಟುವಾಗ ನಾನು ಹೇಳುವ ಒಂದು ಸಾಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗೂ ಕರ್ತನಿಗೂ ಬಿಟ್ಟದ್ದು. ನಿಮ್ಮದನ್ನು ನೀವೇ ಕಂಡುಕೊಳ್ಳಿ.

ಇನ್ನೊಂದು ಮಾತು. ಸ್ತೋತ್ರವನ್ನು ಅವತ್ತಿನ ದಿನದ ಮೇಲೆ ನಿಲ್ಲಿಸಿದರೆ ಅದು ಉಳಿಯಲ್ಲ. ನಾನು ಅದನ್ನು ಪರಲೋಕದ ಮೇಲೆ ನಿಲ್ಲಿಸಿದೆ. ಒಂದು ತಿಂಗಳು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳನ್ನು ದಿನವೂ ಜೋರಾಗಿ ಓದಿದೆ. 21ನೆಯ ಅಧ್ಯಾಯದಲ್ಲಿ ಕಣ್ಣೀರನ್ನು ಒರೆಸುವವನು ದೇವರೇ ಅಲ್ವಾ, ದೂತರಲ್ಲ. ದೇವರು ಜನರ ಜೊತೆ ವಾಸಿಸುವ ಹೊಸ ಯೆರೂಸಲೇಮ್ ಪಟ್ಟಣವೂ ಮೇಲಿಂದ ಕೆಳಗೆ ಇಳಿದು ಬರುತ್ತದೆ. 7ನೆಯ ಅಧ್ಯಾಯದಲ್ಲಿ ಸಿಂಹಾಸನದ ಮುಂದೆ ಕೂಗಿ ಸ್ತುತಿಸುವವರು ಮಹಾ ಸಂಕಟದಿಂದ ಬಂದವರು. ಹಾಗಾದರೆ ನನ್ನವಳು ಈಗ ಆ ಕಡೆಯಿಂದ ಸ್ತುತಿಸುತ್ತಿದ್ದಾಳೆ, ನಾನು ಈ ಕಡೆಯಿಂದ ದನಿ ಸೇರಿಸುತ್ತಿದ್ದೇನೆ. ಇದು ಹೊಳೆದ ರಾತ್ರಿ ಗಟ್ಟಿಯಾಗಿ ಹಾಡಿಬಿಟ್ಟೆ, ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು.

ಇಲ್ಲಿ ಒಂದು ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಪರಲೋಕವನ್ನೇ ಯೋಚಿಸುತ್ತಾ ಯೋಚಿಸುತ್ತಾ, ನಾನೂ ಬೇಗ ಹೋಗಿಬಿಟ್ಟರೆ ಚೆನ್ನಾಗಿತ್ತು ಎನ್ನುವ ಕಡೆ ಮನಸ್ಸು ಜಾರಿತು. ಅದು ನಿರೀಕ್ಷೆಯಲ್ಲ, ಸೋಲು. ಪಾಸ್ಟರ್ ಹತ್ತಿರವೂ ಹೇಳಿದೆ, ಡಾಕ್ಟರ್ ಹತ್ತಿರವೂ ಹೋದೆ, ಕೆಲವು ತಿಂಗಳು ಮಾತ್ರೆ ತಗೊಂಡೆ. ಕ್ರಿಸ್ತನ ಬಳಿ ಹೋಗಲು ಆಸೆಯಿದ್ದರೂ ನಿಮಗೋಸ್ಕರ ಉಳಿಯುವುದು ಹೆಚ್ಚು ಅವಶ್ಯ ಎಂದು ಪೌಲ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆಯುತ್ತಾನೆ. ಆ ಮಾತನ್ನು ಮಗಳ ಹೆಸರು ಸೇರಿಸಿ ಓದಿಕೊಂಡೆ.

ಸಾಲದ ಲೆಕ್ಕದ ಪುಸ್ತಕದಲ್ಲೂ ಒಂದು ಪ್ರಯೋಗ ಮಾಡಿದೆ. ಎಡಗಡೆ ಪುಟದಲ್ಲಿ ಕಟ್ಟಿದ ಕಂತು, ಬಲಗಡೆ ಆ ತಿಂಗಳು ನಿಜವಾಗಿ ಬಾಯಿಂದ ಬಂದ ಒಂದೇ ಒಂದು ಸ್ತೋತ್ರ. ಹತ್ತಲ್ಲ, ಒಂದು. ಕಂತು ಕಟ್ಟಿದ ಪ್ರತಿ ಸಲ ಅಪೊಸ್ತಲ ಪೇತ್ರ ಹೇಳುವ, ಪರಲೋಕದಲ್ಲಿ ನಮಗಾಗಿ ಇಟ್ಟಿರುವ ಬಾಡದ, ಕೆಡದ ಆ ಆಸ್ತಿಯ ವಚನ ಓದುತ್ತೇನೆ. ಸಾಲ ಪವಾಡದಿಂದ ತೀರಲಿಲ್ಲ, ಸಂಜೆ ಇನ್ನೊಂದು ಕೆಲಸ ಮಾಡಿ ತೀರಿಸುತ್ತಿದ್ದೇನೆ. ಈಗ ಉಳಿದಿರುವುದು ಐದರಲ್ಲಿ ಒಂದು ಪಾಲು. ಬಲಗಡೆ ಪುಟ ಒಂದು ತಿಂಗಳೂ ಖಾಲಿ ಬಿಟ್ಟಿಲ್ಲ, ಅದು ನನಗೆ ಹೆಮ್ಮೆ.

ನಡುವೆ ಎರಡು ವಾರ ರಾತ್ರಿಯ ಈ ದೂರು, ಸ್ತೋತ್ರವನ್ನು ಬೇಕೆಂದೇ ನಿಲ್ಲಿಸಿ ನೋಡಿದೆ. ನಾಲ್ಕನೆಯ ರಾತ್ರಿಗೇ ನಿದ್ದೆ ಹೋಯಿತು, ಮಗಳ ಮೇಲೆ ರೇಗತೊಡಗಿದೆ. ಇನ್ನು ಕೆಲವು ರಾತ್ರಿ ಏನು ಮಾಡಿದರೂ ಸ್ತೋತ್ರ ಬರುವುದಿಲ್ಲ. ಆಗ 88ನೆಯ ಕೀರ್ತನೆ ಓದಿ ಮಲಗುತ್ತೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ದೇವರಿಗೇ ಹೇಳಿದ ಮಾತು.

ಹಿರಿಯರಿಗೆ ಮೊದಲ ವಾರಕ್ಕೆ ಆ 6 ವಚನ ಮಾತ್ರ ಕೊಟ್ಟೆ. ಮೂರನೆಯ ದಿನ ಫೋನ್ ಮಾಡಿ, "ಬ್ರದರ್, ನಾನಿನ್ನೂ ಮೊದಲ ಎರಡು ವಚನದಲ್ಲೇ ಇದ್ದೀನಿ" ಎಂದರು. "ಅಲ್ಲೇ ಇರಿ ಅಯ್ಯಾ, ಅವಸರ ಬೇಡ" ಎಂದೆ.