ಟೇಕಡಿ ಓಟ ಶುರು ಮಾಡುವವರು ಮೊದಲು ಇಳಿಯಲು ಕಲಿಯಿರಿ

ರಸ್ತೆಯಲ್ಲಿ 10 ಕಿಲೋಮೀಟರ್ ಸಲೀಸಾಗಿ ಓಡುವವರಿಗೂ ಟೇಕಡಿಯಲ್ಲಿ, ಅಂದರೆ ಗುಡ್ಡದಲ್ಲಿ, ಪೆಟ್ಟು ಬೀಳುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಏರುವಾಗ ದಮ್ಮು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಹಾಗಲ್ಲ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ರೂಢಿಯಿಲ್ಲದ ಕಾಲಿಗೆ ಎರಡನೇ ದಿನ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟವಾಗುವುದು ಇದರಿಂದಲೇ. ಹಾಗಾಗಿ ಪುಣೆಯಲ್ಲಿರುವ ನಮ್ಮವರು ಯಾರೇ ಕೇಳಿದರೂ ನಾನು ಇಳಿಯುವುದರಿಂದಲೇ ಶುರು ಮಾಡಿಸುತ್ತೇನೆ.

ಜಾಗಕ್ಕೆ ವೇತಾಳ ಟೇಕಡಿ ಸಾಕು. ನಗರದೊಳಗಿನ ಅತಿ ಎತ್ತರದ ಜಾಗ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಮೇಲೆ ಹೋದರೆ ಸಮತಟ್ಟು ದಾರಿಯೂ ಇದೆ, ಬೆಳಿಗ್ಗೆ ಜನವೂ ಇರುತ್ತಾರೆ, ಸುಸ್ತಾದರೆ ಪಾಷಾಣದ ಕಡೆಗೋ ಲಾ ಕಾಲೇಜ್ ರಸ್ತೆಯ ಕಡೆಗೋ ಇಳಿದುಬಿಡಬಹುದು. ವಾರಕ್ಕೆ ಒಂದೇ ದಿನ ಟೇಕಡಿ, ಉಳಿದ ಓಟ ರಸ್ತೆಯಲ್ಲೇ ಇರಲಿ. ಮೊದಲ ನಾಲ್ಕು ವಾರ 40 ನಿಮಿಷ, ಆಮೇಲೆ ವಾರಕ್ಕೆ 5-10 ನಿಮಿಷ ಹೆಚ್ಚಿಸಿ. ಕಿಲೋಮೀಟರ್ ಎಣಿಸಬೇಡಿ. ರಸ್ತೆಯ 6 ನಿಮಿಷದ ಕಿಲೋಮೀಟರ್ ಇಲ್ಲಿ 9-10 ನಿಮಿಷ ತಿನ್ನುವುದು ಸಹಜ. ಏರಿನಲ್ಲಿ ಮಾತಾಡಲು ಉಸಿರು ಸಾಲದಾದರೆ ನಡೆಯಿರಿ. ಕೈಗಳನ್ನು ತೊಡೆಯ ಮೇಲೆ ಊರಿ ಸಣ್ಣ ಹೆಜ್ಜೆ ಹಾಕಿ. ಪಳಗಿದ ಓಟಗಾರರೂ ಕಡಿದಾದ ಏರನ್ನು ನಡೆದೇ ಹತ್ತುತ್ತಾರೆ.

ಇನ್ನು ಇಳಿಜಾರು. ನೂರು ಮೀಟರಿನ ಒಂದು ತುಂಡನ್ನು ಆರಿಸಿಕೊಂಡು ಮೊದಲು ನಡೆದು ಇಳಿಯಿರಿ. ಯಾವ ಕಲ್ಲು ಅಲುಗಾಡುತ್ತದೆ, ಎಲ್ಲಿ ಬೇರು ಎದ್ದಿದೆ ನೋಡಿಟ್ಟುಕೊಳ್ಳಿ. ಆಮೇಲೆ ಅದೇ ತುಂಡನ್ನು ಐದಾರು ಸಲ ಓಡಿ ಇಳಿಯಿರಿ. ಮತ್ತೆ ನಡೆದು ಹತ್ತುವುದೇ ವಿಶ್ರಾಂತಿ. ಹೆಜ್ಜೆ ಗಿಡ್ಡ, ಪಾದ ಸೊಂಟದ ನೇರ ಕೆಳಗೆ, ಮೊಣಕಾಲು ಸಡಿಲ, ಕೈಗಳು ಪಕ್ಕಕ್ಕೆ ಚಾಚಿರಲಿ. ಕಣ್ಣು ಕಾಲ ಬುಡದಲ್ಲಲ್ಲ, ಮೂರು-ನಾಲ್ಕು ಮೀಟರ್ ಮುಂದೆ. ಹೆದರಿ ಮೈ ಹಿಂದಕ್ಕೆ ವಾಲಿಸಿದರೆ ಭಾರವೆಲ್ಲ ಹಿಮ್ಮಡಿಗೆ ಹೋಗುತ್ತದೆ, ಹಿಮ್ಮಡಿ ಜಾರಿದರೆ ಕುಂಡೆ ನೆಲಕ್ಕೆ ಬಡಿಯುತ್ತದೆ. ತಪ್ಪು ಗೊತ್ತಾಗುವುದು ಕಿವಿಗೆ: ದಪ್ ದಪ್ ಸದ್ದು ಬಂದರೆ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿದ್ದೀರಿ. ಹೆಜ್ಜೆ ಇನ್ನೂ ಗಿಡ್ಡ ಮಾಡಿ.

ಇದಕ್ಕೆ ಕಾಲು ಗಟ್ಟಿಯಾಗಬೇಕಲ್ಲ. ವಾರಕ್ಕೆ ಎರಡು ದಿನ ಒಂದೇ ಮೆಟ್ಟಿಲಿನ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲ ಮುಟ್ಟುವವರೆಗೆ ಮೂರು ಸೆಕೆಂಡ್ ತೆಗೆದುಕೊಂಡು ನಿಧಾನ ಇಳಿಸಿ. ಪ್ರತಿ ಕಾಲಿಗೆ 10ರಂತೆ ಮೂರು ಸುತ್ತು. ಮೊಣಕಾಲು ಒಳಕ್ಕೆ ಬಾಗದಂತೆ ನೋಡಿಕೊಳ್ಳಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು ಪಾದದ ಗಂಟಿಗೆ ಒಳ್ಳೆಯದು.

ಶೂ ವಿಷಯದಲ್ಲಿ, ಒಣ ನೆಲಕ್ಕೆ ಸೋಲ್ ಸವೆಯದ ರಸ್ತೆ ಶೂ ಕೆಲವು ವಾರ ನಡೆಯುತ್ತದೆ. ಟ್ರೇಲ್ ಶೂ (ಕಚ್ಚಾ ದಾರಿಯ ಓಟದ ಶೂ) ಕೊಳ್ಳುವಾಗ ಸೋಲಿನ ಹಲ್ಲು 4-5 ಮಿಲಿಮೀಟರ್ ಇರಲಿ. ಕಾಲು ಊದಿರುವ ಸಂಜೆ ಹೊತ್ತು ಹೋಗಿ, ಬೆರಳ ತುದಿಗೂ ಶೂವಿಗೂ ನಡುವೆ ಹೆಬ್ಬೆರಳಿನಗಲ ಜಾಗ ಇದೆಯಾ ನೋಡಿ. ಇಳಿಯುವಾಗ ಉಗುರು ಶೂಗೆ ಬಡಿದು ಕಪ್ಪಾಗುವುದು ಜಾಗ ಸಾಲದ್ದರಿಂದ, ಇಲ್ಲವೇ ಲೇಸ್ ಸಡಿಲವಾಗಿ ಪಾದ ಮುಂದಕ್ಕೆ ಜಾರುವುದರಿಂದ. ಶೂವಿನ ಕೊನೆಯ ಹೆಚ್ಚುವರಿ ತೂತಿನಲ್ಲಿ ಲೇಸಿನ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಕದಲುವುದಿಲ್ಲ.

ನೆಲ ಋತುವಿನ ಜೊತೆ ಬದಲಾಗುತ್ತದೆ. ಮಳೆಗಾಲದಲ್ಲಿ ಕರಿಕಲ್ಲಿನ ಮೇಲೆ ತೆಳು ಪಾಚಿ. ಎಷ್ಟು ದುಡ್ಡಿನ ಶೂ ಆದರೂ ಅಲ್ಲಿ ಹಿಡಿಯುವುದಿಲ್ಲ, ಪಕ್ಕದ ಹುಲ್ಲಿನಂಚಿನಲ್ಲಿ ಹೋಗಿ. ಮಳೆ ನಿಂತ ಮೇಲೆ ಬಂಡೆಯ ಮೇಲೆ ಒಣ ಗರಸು (ಸಣ್ಣ ಜಲ್ಲಿಕಲ್ಲು) ಕೂತಿರುತ್ತದೆ, ಫರ್ಶಿ ನೆಲದ ಮೇಲೆ ಜೋಳ ಚೆಲ್ಲಿದ ಹಾಗೆ. ನನಗೆ ಮಳೆಗಿಂತ ಇದರ ಭಯವೇ ಹೆಚ್ಚು. ಅದೇ ಹೊತ್ತಿಗೆ ಒಣಗಿದ ಹುಲ್ಲಿನ ಮುಳ್ಳು ಸಾಕ್ಸ್ ಒಳಗೆ ತೂರುತ್ತದೆ, ಉದ್ದ ಸಾಕ್ಸ್ ಹಾಕಿ. ಬೇಸಿಗೆಯಲ್ಲಿ ಎಂಟಕ್ಕೆ ಮುಂಚೆ ಕೆಳಗಿರಿ.

ಗಂಟೆಗೆ ಅರ್ಧ ಲೀಟರ್ ನೀರು, ಗಂಟೆ ಮೀರಿದರೆ ಓಆರ್‌ಎಸ್ ಮತ್ತು ಶೇಂಗಾ ಚಿಕ್ಕಿ. ಒಂದು ಲೀಟರಿನ ಪ್ಯಾಕೆಟನ್ನು ಅರ್ಧ ಲೀಟರಿಗೆ ಸುರಿಯಬೇಡಿ, ಹೊಟ್ಟೆ ಕೆಡುತ್ತದೆ. ಚೀಲದಲ್ಲಿ ಕ್ರೇಪ್ ಬ್ಯಾಂಡೇಜ್ ಇರಲಿ. ಕಾಲು ಉಳುಕಿದಾಗ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ನಡೆಯುವ ಹಟ ಬಿಟ್ಟು ಎಕ್ಸ್-ರೇ ಮಾಡಿಸಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಆ ಅಂಗ ಅಲುಗಾಡದಂತೆ ಇಟ್ಟು, 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ವೇತಾಳ ಟೇಕಡಿ ಇಳಿದ ಎರಡನೇ ದಿನವೂ ತೊಡೆ ಹಗುರವಾಗಿದ್ದರೆ ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಹೋಗಬಹುದು. ಬುಡದ ಊರು ಆತಕರವಾಡಿಯಿಂದ ಮೂರು ಕಿಲೋಮೀಟರಿನೊಳಗೆ ಸುಮಾರು 600 ಮೀಟರ್ ಏರು. ಮೊದಲ ಸಲ ಎರಡೂ ಕಡೆ ನಡೆಯಿರಿ. ಭಾನುವಾರ ಬೇಡ, ದಾರಿ ತುಂಬ ಮಕ್ಕಳು ಮರಿ, ವಯಸ್ಸಾದವರು. ವಾರದ ದಿನವೂ ಹತ್ತುವವರಿಗೇ ಮೊದಲು ದಾರಿ ಬಿಡಬೇಕು. ಮುಂದೆ ಇಳಿಯುತ್ತಿರುವವರನ್ನು ದಾಟುವಾಗ ಹತ್ತು ಹೆಜ್ಜೆ ಹಿಂದಿನಿಂದಲೇ ಮರಾಠಿಯಲ್ಲಿ 'ಜರಾ ಬಾಜೂಲಾ, ಕಾಕಾ' (ಸ್ವಲ್ಪ ಪಕ್ಕಕ್ಕೆ, ಕಾಕಾ) ಎಂದು ಹೇಳಿ, ಅವರು ಸರಿದ ಮೇಲೆ ನಡೆದು ದಾಟಿ.