ಕಂಟೇನರ್ ಮನೆ ಮಾಡ್ಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಹಳೇ ಶಿಪ್ಪಿಂಗ್ ಕಂಟೇನರ್ ತಂದು ತೋಟದಲ್ಲಿ ಮನೆ ಮಾಡ್ಬೇಕು ಅಂತಿದ್ರೆ ಹೈ ಕ್ಯೂಬ್ ಅನ್ನೋ ಎತ್ತರದ ಕಂಟೇನರೇ ಕೇಳಿ, ಅದು 9.5 ಅಡಿ ಎತ್ತರ, ಮಾಮೂಲಿದು 8.5 ಅಷ್ಟೇ, ಅದಕ್ಕೆ ಇನ್ಸುಲೇಷನ್ನು (ಬಿಸಿ ತಡೆಯೋ ಪದರ) ಸೀಲಿಂಗು ಹಾಕಿದ್ಮೇಲೆ ಫ್ಯಾನ್ ಎಲ್ಲಿ ಹಾಕ್ತೀರಾ? ಅಗಲ ಎರಡೂ 8 ಅಡಿನೇ, ಒಳಗೆ ಇನ್ನೂ ಕಮ್ಮಿ.

ತಗೊಳೋವಾಗ ಒಳಗೆ ನಿಂತು ಬಾಗಿಲು ಹಾಕಿಸ್ಕೊಳ್ಳಿ, ಎಲ್ಲಾದ್ರೂ ಸೂಜಿಯಷ್ಟು ಬೆಳಕು ಕಂಡ್ರೂ ಅಲ್ಲಿ ತೂತಿದೆ ಅಂತಾನೇ ಲೆಕ್ಕ, ಮಳೆಗಾಲದಲ್ಲಿ ಅಲ್ಲಿಂದ್ಲೇ ಸೋರೋದು. ನೆಲದ ಪ್ಲೈವುಡ್‌ಗೆ ಸಾಮಾನ್ಯವಾಗಿ ಹುಳ ಹಿಡೀದೇ ಇರೋಕೆ ಕೀಟನಾಶಕ ಹಾಕಿರ್ತಾರೆ, ಮಕ್ಕಳಿರೋ ಮನೆ ಆದ್ರೆ ಅದನ್ನ ಕಿತ್ತು ಬೇರೆ ಹಾಕ್ಸೋದೇ ವಾಸಿ.

ಇನ್ನು ಕಿಟಕಿ. ಭಾರ ಎಲ್ಲಾ ನಾಲ್ಕು ಮೂಲೆ ಕಂಬದ ಮೇಲೆ ಕೂತಿರುತ್ತೆ ನಿಜ, ಹಾಗಂತ ಸೈಡ್ ಶೀಟ್ ಪೂರ್ತಿ ಕತ್ತರಿಸಿ ದೊಡ್ಡ ಗ್ಲಾಸ್ ಹಾಕಿದ್ರೆ ಮೇಲಿನ ಬೀಮು ಬಗ್ಗುತ್ತೆ, ಕತ್ತರಿಸಿದ ಕಡೆ ಎಲ್ಲಾ ಸ್ಟೀಲ್ ಫ್ರೇಮ್ ವೆಲ್ಡ್ ಮಾಡಿಸ್ಲೇಬೇಕು, ಎಂಜಿನಿಯರ್‌ಗೆ ತೋರಿಸದೆ ಗ್ರೈಂಡರ್ ಹಿಡೀಬೇಡಿ.

ರಾಯಚೂರು ಕಡೆ ಬಿಸಿಲಿಗೆ ಬರೀ ತಗಡಿನ ಡಬ್ಬಿ ಒಲೆ ಆಗೋಗುತ್ತೆ, ಮೇಲೆ ಗಾಳಿ ಆಡೋ ಹಾಗೆ ಇನ್ನೊಂದು ಶೀಟ್ ಚಾವಣಿ ಹಾಕ್ಸಿ. ಮಂಗಳೂರು ಕಡೆಯಾದ್ರೆ ಉಪ್ಪುಗಾಳಿಗೆ ತುಕ್ಕು, ಪೇಂಟ್ ಕೆಲಸ ಮುಗಿಯೋದೇ ಇಲ್ಲ.

ಅಗ್ಗ ಅಂತ ಹೋಗೋರಿಗೆ ನಾನು ಬೇಡ ಅಂತೀನಿ, ಪಾಯ, ಕ್ರೇನು, ವೆಲ್ಡಿಂಗು, ಇನ್ಸುಲೇಷನ್ ಸೇರಿದ್ರೆ ಉಳಿಯೋದು ಅಷ್ಟಕ್ಕಷ್ಟೇ, ಆದ್ರೆ ಬೇಗ ಆಗುತ್ತೆ, ನಾಳೆ ಎತ್ಕೊಂಡು ಬೇರೆ ಕಡೆ ಇಡಬಹುದು. ಕ್ರೇನ್ ಬರೋಷ್ಟು ದಾರಿ ಇದ್ಯಾ ನೋಡಿ ಅಡ್ವಾನ್ಸ್ ಕೊಡಿ, ಕರೆಂಟ್ ವೈರ್ ಅಡ್ಡ ಇದ್ರೆ ಅಲ್ಲಿಗೇ ನಿಂತೋಗುತ್ತೆ.