ತಿಂಗಳ ದುಡ್ಡು, ತಾರೀಖಿನ ಲೆಕ್ಕ

ಕಡಿಮೆ ಆದಾಯದಲ್ಲಿ ಮನೆ ನಡೆಸುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು, ಖರ್ಚು ಕಡಿಮೆ ಮಾಡಿ ಅಂತ. ಕಡಿಮೆ ಮಾಡುವುದಕ್ಕೆ ಏನೂ ಉಳಿದಿಲ್ಲದ ಮನೆಗಳೂ ಇವೆ. ನಮ್ಮದೂ ಅಂಥದ್ದೇ. ನಾವು ಐದು ಜನ. ಮನೆಯವರದು ಪೂರ್ತಿ ಹೊತ್ತಿನ ಕೆಲಸ, ನನ್ನದು ಅರ್ಧ ದಿನದ್ದು, ಮಕ್ಕಳಿಬ್ಬರೂ ಓದುತ್ತಿದ್ದಾರೆ, ಜೊತೆಗೆ ಅತ್ತೆ. ಮೋಜಿಗೆ ಅಂತ ಹೋಗುವ ದುಡ್ಡು ಅಷ್ಟಕ್ಕಷ್ಟೇ. ಆದರೂ ತಿಂಗಳ ಕೊನೆಗೆ ಯಾರ ಹತ್ತಿರವಾದರೂ ಕೈಗಡ ಕೇಳುವುದು ತಪ್ಪುತ್ತಿರಲಿಲ್ಲ. ಹಳೆಯ ಪಾಸ್‌ಬುಕ್, ಬಿಲ್ಲು, ರಸೀದಿ ಎಲ್ಲ ಹರವಿಕೊಂಡು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ವರ್ಷದ ಲೆಕ್ಕ ಹಾಕಿದರೆ ನಮ್ಮ ದುಡ್ಡು ಹೆಚ್ಚುಕಡಿಮೆ ಸಾಲುತ್ತದೆ. ಬೇಕಾದ ತಾರೀಖಿಗೆ ಮಾತ್ರ ಕೈಯಲ್ಲಿ ಇರುವುದಿಲ್ಲ.

ಕೈಗಡ ಮಾಡಿದ ತಿಂಗಳುಗಳಿಗೆಲ್ಲ ಗುರುತು ಹಾಕಿದೆ. ಪ್ರತಿಯೊಂದರ ಹಿಂದೆಯೂ ಒಂದು ದೊಡ್ಡ ಖರ್ಚು ಇತ್ತು. ಶಾಲೆ ಫೀಸಿನ ಕಂತು, ವರ್ಷದ ವಿಮೆ, ಗಾಡಿಯ ಟೈರು, ಅತ್ತೆಯ ಕನ್ನಡಕ, ನೆಂಟರ ಮನೆಯ ಮದುವೆಗೆ ಓಡಾಟ. ಇಂಥವನ್ನು ಇದ್ದಕ್ಕಿದ್ದಂತೆ ಬಂದ ಖರ್ಚು ಅನ್ನುವುದು ರೂಢಿ. ಆದರೆ ವಿಮೆ ಪ್ರತಿ ವರ್ಷ ಅದೇ ದಿನ ಬರುತ್ತದೆ, ಅಲ್ವಾ? ಫೀಸೂ ಅಷ್ಟೇ. ಟೈರು ಯಾವ ದಿನ ಕೈ ಕೊಡುತ್ತದೆ ಅಂತ ಗೊತ್ತಿಲ್ಲದಿರಬಹುದು, ಕೊಟ್ಟೇ ಕೊಡುತ್ತದೆ ಅನ್ನುವುದಂತೂ ಗೊತ್ತು.

ಅದಕ್ಕೆ ನಾನು ಮಾಡಿದ್ದು ವರ್ಷದ ಪುಟ. ನೋಟ್‌ಬುಕ್ಕಿನ ಎದುರುಬದುರು ಎರಡು ಪುಟಕ್ಕೆ ಗೆರೆ ಎಳೆದು 12 ಮನೆ ಮಾಡಿದೆ. ಒಂದೊಂದು ಮನೆಯಲ್ಲಿ ಎಡಕ್ಕೆ ತಾರೀಖು, ನಡುವೆ ಯಾವ ಖರ್ಚು ಅಂತ, ಬಲಕ್ಕೆ ಮೊತ್ತ. ಪ್ರತಿ ತಿಂಗಳು ಬರುವ ಬಾಡಿಗೆ, ದಿನಸಿ ಇದರಲ್ಲಿ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬರುವುದು ಮಾತ್ರ. ಪೆನ್ಸಿಲ್‌ನಲ್ಲೇ ಬರೆಯಿರಿ, ಮೊತ್ತ ಬದಲಾಗುತ್ತಲೇ ಇರುತ್ತದೆ.

ಎಲ್ಲ ಕೂಡಿಸಿ 12ರಿಂದ ಭಾಗಿಸಿ ಪ್ರತಿ ತಿಂಗಳು ಅಷ್ಟು ತೆಗೆದಿಡಿ ಅಂತ ಹೇಳುವುದು ಸುಲಭ. ಮೊದಲ ವರ್ಷ ಹಾಗೆ ನಡೆಯುವುದಿಲ್ಲ. ವಿಮೆಯ ತಾರೀಖು ಇನ್ನು ಮೂರು ತಿಂಗಳಲ್ಲೇ ಇದ್ದರೆ ಹನ್ನೆರಡರಲ್ಲಿ ಒಂದು ಪಾಲು ತೆಗೆದಿಟ್ಟು ಏನು ಬಂತು? 3ರಿಂದಲೇ ಭಾಗಿಸಬೇಕು. ಹಾಗೆ ಮಾಡಿದರೆ ಶುರುವಿನ ತಿಂಗಳುಗಳು ತುಂಬಾ ಬಿಗಿಯಾಗುತ್ತವೆ, ಅದಕ್ಕೇ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ನಾನು ಎಲ್ಲವನ್ನೂ ಒಟ್ಟಿಗೆ ಹಿಡಿಯಲಿಲ್ಲ. ಕಟ್ಟದಿದ್ದರೆ ದಂಡ ಬೀಳುವುದು, ಇಲ್ಲವೇ ದುಡಿಮೆಗೇ ಪೆಟ್ಟು ಕೊಡುವುದು ಮೊದಲು. ಮನೆಯವರು ಗಾಡಿಯಲ್ಲೇ ಕೆಲಸಕ್ಕೆ ಹೋಗುವುದರಿಂದ ಗಾಡಿಯ ಖರ್ಚು ಮೇಲಕ್ಕೆ ಬಂತು. ಬಟ್ಟೆ, ಉಡುಗೊರೆ, ಊರಿಗೆ ಹೋಗಿಬರುವುದು ಮುಂದಿನ ವರ್ಷದಿಂದ ಸೇರಿದವು. ಈ ದುಡ್ಡಿಗೆ ಬೇರೆಯದೇ ಖಾತೆ ಇದೆ, ಅದರ ಕಾರ್ಡ್ ಜೇಬಿನಲ್ಲಿ ಇರುವುದಿಲ್ಲ. ಸಂಬಳ ಬಂದ ದಿನವೇ ಅಲ್ಲಿಗೆ ಹೋಗಿಬಿಡಬೇಕು. ಉಳಿದರೆ ಹಾಕೋಣ ಅಂದುಕೊಂಡರೆ ಯಾವತ್ತೂ ಉಳಿಯುವುದಿಲ್ಲ.

ಆಮೇಲೆ ತಾರೀಖುಗಳನ್ನೇ ಸರಿಸುವ ಕೆಲಸ. ಕಂತು, ಬಿಲ್ಲುಗಳ ದಿನವನ್ನು ಕೇಳಿ ಬದಲಾಯಿಸಿಕೊಳ್ಳಲು ಎಷ್ಟೋ ಕಡೆ ಅವಕಾಶ ಇರುತ್ತದೆ, ಕೇಳುವವರು ಕಡಿಮೆ. ಸಂಬಳ ಬರುವ ದಿನಕ್ಕೇ ಇಡಬೇಡಿ, ಎರಡು ಮೂರು ದಿನ ಆಚೆ ಇರಲಿ. ರಜೆ ಬಂದು ಸಂಬಳ ಒಂದು ದಿನ ತಡವಾಗಿ ಖಾತೆಯಿಂದ ತಾನಾಗಿ ಹೋಗಬೇಕಾದ ಕಂತು ಹೋಗದಿದ್ದರೆ, ಸಾಲ ಕೊಟ್ಟವರದೂ ಬ್ಯಾಂಕಿನದೂ ಎರಡು ಕಡೆ ದಂಡ ಬೀಳಬಹುದು.

ತಿಂಗಳ ಕೊನೆಯ ಬರಗಾಲಕ್ಕೆ ಇನ್ನೊಂದು ಸರಳ ಕಾರಣ ಇದೆ. ಮನೆಖರ್ಚಿನ ದುಡ್ಡನ್ನು ವಾರಕ್ಕಿಷ್ಟು ಅಂತ ಹಂಚುವಾಗ ನಾಲ್ಕರಿಂದ ಭಾಗಿಸುತ್ತೇವೆ. ನಾಲ್ಕು ವಾರ ಅಂದರೆ 28 ದಿನ. ಫೆಬ್ರವರಿ ಬಿಟ್ಟರೆ ತಿಂಗಳಿಗೆ 30 ಅಥವಾ 31. ವರ್ಷಕ್ಕೆ 52 ವಾರ, ನಾವು ಹಂಚಿದ್ದು 48ಕ್ಕೆ. ಅಂದರೆ ವರ್ಷದಲ್ಲಿ ನಾಲ್ಕು ವಾರಕ್ಕಿಂತ ಜಾಸ್ತಿ ದಿನ ದುಡ್ಡೇ ಇಡದೆ ಕಳೆಯಬೇಕು. 28 ದಿನದ ಫೋನ್ ರೀಚಾರ್ಜ್ ಕೂಡ ಹೀಗೇ, ತಿಂಗಳದ್ದು ಅನ್ನಿಸುತ್ತದೆ, ವರ್ಷಕ್ಕೆ 13 ಸಲ ಕಟ್ಟಬೇಕಾಗುತ್ತದೆ. ನಾನು ಈಗ ಮೊದಲು ದಿನಕ್ಕೆ ಎಷ್ಟು ಅಂತ ನೋಡುತ್ತೇನೆ, ಮೊತ್ತವನ್ನು ಆ ತಿಂಗಳ ದಿನಗಳಿಂದ ಭಾಗಿಸಿ. ಏಳು ದಿನದ್ದು ಒಂದೊಂದು ಕವರ್, ಕೊನೆಯ ಎರಡು ಮೂರು ದಿನಕ್ಕೆ ಚಿಕ್ಕದೊಂದು ಐದನೇ ಕವರ್. ಆ ಚಿಕ್ಕ ಕವರ್ ಬಂದ ಮೇಲೆ ಕೊನೆ ವಾರದ ಕೈಗಡ ನಿಂತಿತು.

ಉಳಿತಾಯದ ಉಪಾಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲಿ ಹಿಡಿದರೆ ಫಲ ಇದೆ ಅಂತ ನೋಡಿ ಹಿಡಿಯಿರಿ, ಅಷ್ಟೇ. ಒಂದು ಯೂನಿಟ್ ಕರೆಂಟ್ ಅಂದರೆ 1000 ವ್ಯಾಟ್ ಒಂದು ಗಂಟೆ ಉರಿದಷ್ಟು. 2000 ವ್ಯಾಟಿನ ನೀರು ಕಾಯಿಸುವ ಹೀಟರ್ ಅರ್ಧ ಗಂಟೆಗೆ ಅದನ್ನು ಮುಗಿಸುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಅಷ್ಟಕ್ಕೇ 111 ಗಂಟೆ ಬೇಕು. ಮಕ್ಕಳು ಲೈಟ್ ಆರಿಸಲಿಲ್ಲ ಅಂತ ಮನೆಯಲ್ಲಿ ದಿನಾ ಜಗಳ ಬೇಡ, ಹೀಟರ್ ಹಾಕಿದ ಮೇಲೆ ಗಡಿಯಾರ ನೋಡಿ. ದೊಡ್ಡ ಪ್ಯಾಕೆಟ್ ಅಗ್ಗ ಅನ್ನುವುದನ್ನೂ 100 ಗ್ರಾಮಿಗೆ ಎಷ್ಟು ಬಿತ್ತು ಅಂತ ನೋಡಿಯೇ ನಂಬಿ. ಅಗ್ಗವೇ ಇದ್ದರೂ, ಮುಂದಿನ ತಿಂಗಳ ಸಾಮಾನಿಗೆ ಈ ತಿಂಗಳ ದುಡ್ಡು ಸಿಕ್ಕಿಬಿದ್ದರೆ ನಮ್ಮಂಥವರಿಗೆ ಕಷ್ಟ.

ಸಾಲದ ವಿಷಯಕ್ಕೆ ಬರುತ್ತೇನೆ. ನೂರಕ್ಕೆ 12 ಬಡ್ಡಿ, ವರ್ಷದಲ್ಲಿ 12 ಸಮ ಕಂತು ಅಂದರೆ ಸಾಲ ಅಗ್ಗ ಅನ್ನಿಸುತ್ತದೆ. ಆದರೆ ಪೂರ್ತಿ ನೂರು ನಮ್ಮ ಹತ್ತಿರ ಇರುವುದು ಮೊದಲ ತಿಂಗಳು ಮಾತ್ರ. ಪ್ರತಿ ಕಂತಿಗೂ ಅಸಲು ಇಳಿಯುತ್ತದೆ, ಬಡ್ಡಿ ಮಾತ್ರ ಎಷ್ಟೋ ಕಡೆ ಮೊದಲಿನ ನೂರರ ಮೇಲೇ ಹಾಕಿರುತ್ತಾರೆ. ಅಂಥ ಸಾಲಕ್ಕೆ ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ನೂರಕ್ಕೆ 21 ದಾಟುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ 3 ಅಂದರೂ ಹಾಗೇ, ಬಡ್ಡಿಗೆ ಬಡ್ಡಿ ಸೇರಿ ಏನೂ ಕಟ್ಟದೆ ಬಿಟ್ಟರೆ ಸುಮಾರು ಎರಡು ವರ್ಷಕ್ಕೆ ಎರಡರಷ್ಟು. ಜಾಸ್ತಿ ಬಡ್ಡಿಯದನ್ನು ಮೊದಲು ತೀರಿಸು ಅನ್ನುತ್ತದೆ ಲೆಕ್ಕ, ಅದು ಸರಿಯೇ. ನಾವು ಒಂದು ಸಲ ಮಾತ್ರ ಬೇರೆ ದಾರಿ ಹಿಡಿದೆವು. ಬಡ್ಡಿ ಕಡಿಮೆ ಇದ್ದರೂ ಸ್ವಲ್ಪವೇ ಬಾಕಿ ಉಳಿದಿದ್ದ ಒಂದು ಸಾಲವನ್ನು ಮುಗಿಸಿದೆವು, ಯಾಕೆಂದರೆ ಅದರ ಕಂತು ತಿಂಗಳ ನಡುವಿನ ಅತ್ಯಂತ ಬಿಗಿಯಾದ ವಾರಕ್ಕೆ ಬರುತ್ತಿತ್ತು. ಆ ಕಂತಿನ ದುಡ್ಡು ಮುಂದಿನ ತಿಂಗಳಿಂದ ದೊಡ್ಡ ಬಡ್ಡಿಯ ಸಾಲಕ್ಕೆ ಸೇರಿತು. ಹಾಗೆ ಸೇರಿಸುವುದಿದ್ದರೆ ಮಾತ್ರ ಈ ದಾರಿ.

ಹೊತ್ತಿನ ಲೆಕ್ಕವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಇಡುತ್ತೇನೆ. ತಡವಾದ ಬಿಲ್ಲಿಗೆ ದಂಡ, ಮರೆತ ಅರ್ಜಿಗೆ ಇನ್ನೊಂದು ಓಡಾಟ, ಕೊನೆ ಗಳಿಗೆಯ ಟಿಕೆಟ್ಟಿಗೆ ಜಾಸ್ತಿ ದುಡ್ಡು, ಇವೆಲ್ಲ ಹೊತ್ತು ಸಾಲದೆ ಹೋದ ದುಡ್ಡು. ವಾರಕ್ಕೆ ಒಂದು ಗಂಟೆ, ಭಾನುವಾರ ಸಂಜೆ, ಮನೆಯ ಕಾಗದಪತ್ರಕ್ಕೇ ಮೀಸಲು. ಬಿಲ್ಲು, ಶಾಲೆಯ ಚೀಟಿ, ಡಾಕ್ಟರ ಬಳಿ ಹೋಗುವ ದಿನ, ಎಲ್ಲ ಆಗಲೇ. ಒಂದೇ ಗಂಟೆ, ಆಮೇಲೆ ಪುಸ್ತಕ ಮುಚ್ಚುತ್ತೇವೆ. ಪಾರ್ಕಿನ್ಸನ್ ಎಂಬ ಬ್ರಿಟಿಷ್ ಬರಹಗಾರ 1955ರಲ್ಲೇ ಹೇಳಿದ್ದ ಮಾತು, ಎಷ್ಟು ಹೊತ್ತು ಕೊಡುತ್ತೀರೋ ಅಷ್ಟು ಹೊತ್ತೂ ಕೆಲಸ ಹಿಗ್ಗುತ್ತದೆ ಅಂತ. ನಮ್ಮ ಮನೆಯಲ್ಲಿ ಅದು ನೂರಕ್ಕೆ ನೂರು ನಿಜ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ನೆನಪಿಟ್ಟುಕೊಳ್ಳುವ ಕೆಲಸ. ಯಾವ ಸಾಮಾನು ಮುಗಿಯುತ್ತಾ ಬಂತು, ಮಾತ್ರೆ ಎಷ್ಟು ದಿನಕ್ಕಿದೆ, ಯೂನಿಫಾರ್ಮ್ ಚಿಕ್ಕದಾಯಿತಾ, ಇವೆಲ್ಲ ಒಬ್ಬರ ತಲೆಯಲ್ಲೇ ಇದ್ದರೆ ಉಳಿದವರು ಎಷ್ಟು ಕೈ ಜೋಡಿಸಿದರೂ ಆ ಒಬ್ಬರಿಗೆ ಬಿಡುವು ಇಲ್ಲ. ಹೇಳಿದರೆ ಮಾಡುತ್ತೇನೆ ಅನ್ನುವುದು ಸಾಲುವುದಿಲ್ಲ. ಅದಕ್ಕೆ ಕೆಲಸವನ್ನು ಇಡಿಯಾಗಿ ಹಂಚಿದೆವು. ಗಾಡಿ, ಕರೆಂಟು, ಫೋನಿನ ತಾರೀಖೆಲ್ಲ ಮನೆಯವರದು, ನಾನು ಕೇಳುವುದೂ ಇಲ್ಲ. ಔಷಧಿಯ ಲೆಕ್ಕ ಅತ್ತೆಯದು, ನನಗಿಂತ ಚೆನ್ನಾಗಿ ಇಡುತ್ತಾರೆ. ದಿನಸಿ ಪಟ್ಟಿ ಮಗಳದು.

ಎಲ್ಲವನ್ನೂ ನಾವೇ ಮಾಡಿಕೊಂಡರೆ ಉಳಿತಾಯ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಮ್ಮ ಒಂದು ಗಂಟೆಗೆ ನಿಜವಾಗಿ ಎಷ್ಟು ಸಿಗುತ್ತದೆ ನೋಡಿ. ಸಂಬಳದಲ್ಲಿ ಓಡಾಟದ ಖರ್ಚು ಕಳೆಯಿರಿ, ಹೋಗಿಬರುವ ಹೊತ್ತನ್ನೂ ಕೆಲಸದ ಗಂಟೆಗೆ ಸೇರಿಸಿ ಭಾಗಿಸಿ. ಸ್ವಲ್ಪ ಉಳಿಸಲು ಮೂರು ಗಂಟೆ ಸುತ್ತುವುದು ಎಷ್ಟೋ ಸಲ ನಷ್ಟವೇ. ಹಾಗೆ ಉಳಿದ ಗಂಟೆಯಲ್ಲಿ ದುಡಿಯಲೇಬೇಕು ಅಂತೇನಿಲ್ಲ, ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ದಣಿದ ದಿನ ಹೊರಗಿನ ಖರ್ಚು ತಾನಾಗಿ ಜಾಸ್ತಿಯಾಗುವುದನ್ನು ನಮ್ಮ ಕವರುಗಳಲ್ಲೇ ನೋಡಿದ್ದೇನೆ.

ಮಕ್ಕಳಿಗೆ ವರ್ಷದ ಪುಟ ತೋರಿಸುತ್ತೇವೆ. ಮಗ ಆಟದ ಶೂ ಕೇಳಿದಾಗ ಇಲ್ಲ ಅನ್ನಲಿಲ್ಲ. ಪುಟ ತೆರೆದು ಯಾವ ತಿಂಗಳಿಗೆ ಹಾಕೋಣ ಅಂತ ಕೇಳಿದೆ. ಅವನು ಬೆರಳಿಟ್ಟು ಒಂದೊಂದೇ ಮನೆ ನೋಡುತ್ತಾ ಹೋದ. ಫೀಸಿನ ತಿಂಗಳು ದಾಟಿ, ವಿಮೆಯದೂ ದಾಟಿ, ಏನೂ ಬರೆಯದಿದ್ದ ಒಂದು ಮನೆಯಲ್ಲಿ ತಾನೇ ಪೆನ್ಸಿಲ್‌ನಿಂದ ಬರೆದ. ಆ ತಿಂಗಳು ಶೂ ಬಂತು. ಕೊಟ್ಟ ತಿಂಗಳಿಗೆ ತರುವುದನ್ನು ದೊಡ್ಡವರು ತಪ್ಪಿಸಬಾರದು, ಒಂದು ಸಲ ತಪ್ಪಿದರೆ ಪುಟದ ಮೇಲೆ ಅವರಿಗೆ ನಂಬಿಕೆ ಇರುವುದಿಲ್ಲ.

ಈಗ ನಾವು ಮಾಡುತ್ತಿರುವುದು ಒಂದು ತಿಂಗಳು ಮುಂದಕ್ಕೆ ಹೋಗುವ ಪ್ರಯತ್ನ. ಅಂದರೆ ಈ ತಿಂಗಳ ಸಂಬಳ ಮುಟ್ಟದೆ, ಹೋದ ತಿಂಗಳದ್ದರಲ್ಲಿ ಮನೆ ನಡೆಸುವುದು. ಮನೆಯವರಿಗೆ ಓವರ್‌ಟೈಮ್ ಸಿಕ್ಕ ತಿಂಗಳು ಆ ದುಡ್ಡು ನೇರ ಅಲ್ಲಿಗೇ ಹೋಗುತ್ತದೆ. ಸುಮಾರು ಎರಡು ವಾರದಷ್ಟು ಮುಂದಿದ್ದೇವೆ. ಅಷ್ಟಕ್ಕೇ ಬಾಡಿಗೆಯ ತಾರೀಖಿಗೆ ಸಂಬಳದ ದಾರಿ ಕಾಯುವುದು ತಪ್ಪಿದೆ. ನೀವು ಶುರು ಮಾಡುವುದಾದರೆ, ಇವತ್ತು ಒಂದು ಸಂಜೆ ಮಾತ್ರ ಬಿಡುವಿದ್ದರೂ ಸಾಕು, ಮುಂದಿನ ಮೂರು ತಿಂಗಳ ಮನೆಗಳನ್ನಷ್ಟೇ ತುಂಬಿಸಿ. ಉಳಿದ ಒಂಬತ್ತನ್ನು ಒಂದೊಂದು ಬಿಲ್ಲು ಕೈಗೆ ಬಂದ ಹಾಗೆ ಬರೆದುಕೊಳ್ಳುತ್ತಾ ಹೋಗಬಹುದು.